ಕೆಂಪು ಚಿಗುರು, ಹಸಿರು ಪೊಟ್ಟಣ

ತೈನಾನ್ ಊರಿನ ನಮ್ಮ ಪ್ರಯೋಗಾಲಯದಲ್ಲಿ ಪ್ರತಿ ಯಂತ್ರದ ತಲೆಯ ಮೇಲೂ ಜೋಳದ ಕುರುಕಲಿನ ಒಂದು ಹಸಿರು ಪೊಟ್ಟಣ ಕೂತಿರುತ್ತದೆ. ‘ಜಾಣಮರಿ’ ಎಂಬ ಅರ್ಥದ ಹೆಸರು ಅದಕ್ಕೆ. ಅದಿದ್ದರೆ ಯಂತ್ರ ಹಟ ಮಾಡುವುದಿಲ್ಲ. ಪೊಟ್ಟಣ ಹಸಿರೇ ಆಗಿರಬೇಕು, ತಾರೀಖು ಮೀರಿರಬಾರದು, ಎಷ್ಟೇ ಹಸಿವಾದರೂ ಬಿಚ್ಚಬಾರದು. ನಗುವವರು ನಗಲಿ, ಇಪ್ಪತ್ತೆರಡು ವರ್ಷದಿಂದ ಗಿಡದ ಕೋಣೆ ನೋಡಿಕೊಳ್ಳುತ್ತಿದ್ದೇನೆ, ಪೊಟ್ಟಣ ಒಂದು ದಿನವೂ ಕೈಕೊಟ್ಟಿಲ್ಲ. ಕೈಕೊಟ್ಟದ್ದು ನಾನು.

ರೂ-ಯುನ್ ಎಂಬ ಹುಡುಗಿ ಡಾಕ್ಟರೇಟಿಗೆಂದು ಬಂದು ಎರಡು ವರ್ಷವಾಗಿತ್ತು. ಟೊಮೆಟೊ ಗಿಡಕ್ಕೆ ರೋಗ ತಡೆಯುವ ಹೊಸ ವಂಶವಾಹಿ ಸೇರಿಸುವುದು ಅವಳ ಕೆಲಸ. ನೂರಾರು ಚಿಗುರುಗಳಲ್ಲಿ ಅದು ಯಾವುದಕ್ಕೆ ಸೇರಿತು, ಯಾವುದಕ್ಕೆ ಇಲ್ಲ ಎಂದು ಸುಮ್ಮನೆ ನೋಡಿದರೆ ತಿಳಿಯುವುದಿಲ್ಲ. ಅದಕ್ಕೇ ಜೊತೆಗೊಂದು ಚಾಡಿಕೋರ ವಂಶವಾಹಿಯನ್ನೂ ಕಳಿಸುತ್ತಾರೆ. ಒಳಗೆ ಹೊಕ್ಕ ಕೂಡಲೇ ಅದು ಬಣ್ಣ ತೋರಿಸಿ ಚಾಡಿ ಹೇಳುತ್ತದೆ. ನನಗೆ ಗೊತ್ತಿದ್ದ ಚಾಡಿಕೋರ ನೀಲಿ ದೀಪದಡಿ, ಕಿತ್ತಳೆ ಕನ್ನಡಕ ಹಾಕಿಕೊಂಡವರಿಗೆ ಮಾತ್ರ ಹಸಿರಾಗಿ ಹೊಳೆಯುತ್ತಿತ್ತು. ಇವಳೋ ದೀಪದ ಹತ್ತಿರವೂ ಸುಳಿಯದೆ, ಚಿಗುರು ಬೆಳೆಸುವ ಡಬ್ಬಿಗಳನ್ನೇ ದಿಟ್ಟಿಸುತ್ತ ಕೂರುತ್ತಿದ್ದಳು.

“ಏನಮ್ಮಾ, ದೀಪ ಇಲ್ದೆ, ಕನ್ನಡಕ ಇಲ್ದೆ ಏನ್ ಕಾಣುತ್ತೆ ನಿಂಗೆ? ಡಬ್ಬಿಗಳಿಗೆ ದೃಷ್ಟಿಯಾಗುತ್ತೆ, ಹೋಗಿ ಊಟ ಮಾಡು.”

“ಕೋ ಅಕ್ಕ, ನಂದು ಬಂದ್ರೆ ಬರಿಗಣ್ಣಿಗೇ ರಾಚುತ್ತೆ. ಮೀಟಿಂಗಲ್ಲಿ ಹೇಳಿದ್ನಲ್ಲ?”

“ಹೇಳಿದ್ದೆ, ಹೇಳಿದ್ದೆ,” ಎಂದೆ. ಮೀಟಿಂಗಿನಲ್ಲಿ ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುವ ವಿದ್ಯೆ ನನಗೆ ಸಿದ್ಧಿಸಿ ಬಹಳ ವರ್ಷವಾಯಿತು.

ಅವಳ ಮಾರ್ಗದರ್ಶಕರಾದ ಶ್ಯೇ ಮೇಷ್ಟ್ರು ಅವಳಿಗೆ ಗಡುವು ಕೊಟ್ಟಿದ್ದರು. ಶುಕ್ರವಾರದೊಳಗೆ ವಂಶವಾಹಿ ಸೇರಿದ ಒಂದು ಚಿಗುರನ್ನಾದರೂ ತೋರಿಸಬೇಕು; ಇಲ್ಲವಾದರೆ ಈ ವಿಷಯ ಬಿಟ್ಟು ಮೊದಲಿನಿಂದ ಬೇರೊಂದು ಹಿಡಿಯಬೇಕು. ಎರಡು ವರ್ಷದ ದುಡಿಮೆ ನೀರಿನಲ್ಲಿ ಹೋಮ! ಹುಡುಗಿ ಊಟ ಬಿಟ್ಟಳು. ಕೈಲಾದ ನೆರವು ಮಾಡೋಣವೆಂದುಕೊಂಡೆ. ದಿನಾ ಬೆಳಿಗ್ಗೆ ಏಳಕ್ಕೇ, ಅವಳು ಬರುವುದಕ್ಕೆ ಮುಂಚೆ, ಅವಳ ಡಬ್ಬಿಗಳನ್ನು ಒಂದೊಂದಾಗಿ ನೋಡಿದೆ. ಒಂದು ಡಬ್ಬಿಗೆ ಒಂದೇ ಚಿಗುರು. ಬೂಷ್ಟು ಹಿಡಿದದ್ದು, ಬಣ್ಣಗೆಟ್ಟದ್ದು ಕಂಡರೆ ಮುಚ್ಚಳ ಸಮೇತ ಕಸದ ಹಳದಿ ಚೀಲಕ್ಕೆ ಎಸೆದು, ಪುಸ್ತಕದಲ್ಲಿ ‘ಕೆಟ್ಟಿದೆ’ ಎಂದು ಬರೆದೆ. ಅವಳು ಬರುವ ಹೊತ್ತಿಗೆ ಸಾಲಿಗೆ ಸಾಲೇ ಹಸಿರು.

ಗುರುವಾರ ಮಧ್ಯಾಹ್ನ ಅವಳಿಗೆಂದು ಮೀನಿನ ಗಂಜಿ ತಂದೆ. ಎರಡು ಚಮಚ ತಿಂದವಳು ಗಳಗಳ ಅಳತೊಡಗಿದಳು.

“ನಾಳೆ ಏನ್ ತೋರಿಸ್ಲಿ ಅಕ್ಕ? ಕೆಂಪು ಹರಿವೆ ಸೊಪ್ಪಿನ ಹಾಗೆ ಒಂದೇ ಒಂದು ಚಿಗುರು ಬಂದಿದ್ರೆ ಸಾಕಿತ್ತು.”

“ಯಾವ ಬಣ್ಣ ಅಂದೆ?”

“ಕೆಂಪು. ನನ್ನ ಗುರುತೇ ಅದಲ್ವಾ?”

ಡಬ್ಬಿಯ ಚಿಗುರು ಕೆಂಪಾದರೆ ಅದಕ್ಕೇನೋ ಸಂಕಟ ಎಂದು ಇಪ್ಪತ್ತೆರಡು ವರ್ಷದಿಂದ ನಂಬಿದವಳು ನಾನು. ಕೆಂಪಾದದ್ದನ್ನೆಲ್ಲ ಆರಿಸಿ ಆರಿಸಿ ಎಸೆದವಳೂ ನಾನೇ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು!

ಈ ವಾರದ ಚೀಲ ಇನ್ನೂ ಸಿಂಕಿನ ಕೆಳಗೇ ಇತ್ತು. ಹೊಸ ವಂಶವಾಹಿ ಸೇರಿಸಿದ ಗಿಡಗಳನ್ನು ಹಬೆಯಲ್ಲಿ ಬೇಯಿಸದೆ ಹೊರಗೆ ಹಾಕುವಂತಿಲ್ಲ. ಬೇಯಿಸುವುದು ಶುಕ್ರವಾರ ಬೆಳಿಗ್ಗೆ. ಗುಟ್ಟಾಗಿ ಒಂದು ಕೆಂಪು ಡಬ್ಬಿ ತೆಗೆದು ಸಾಲಿನಲ್ಲಿಟ್ಟು, ‘ಅಯ್ಯೋ, ಇಲ್ನೋಡೇ!’ ಎಂದುಬಿಡಲೇ? ಆಸೆಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಎದುರಿಗೆ ಅತ್ತು ಅತ್ತು ಕೆಂಪಾದ ಅವಳ ಕಣ್ಣುಗಳಿದ್ದವು.

“ರೂ-ಯುನ್, ನಿನ್ನ ಕೆಂಪು ಚಿಗುರು ಬಂದಿತ್ತು ಕಣೇ. ನಾನೇ ಎಸೆದೆ. ಕಾಯಿಲೆ ಅನ್ಕೊಂಡೆ.”

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಎಷ್ಟು?”

“ಈ ವಾರ ಐದು. ಹೋದ ವಾರದ್ದೆಲ್ಲ ಬೆಂದೇ ಹೋಯ್ತು.”

ಇಬ್ಬರೂ ಕೈಗವಸು ಹಾಕಿಕೊಂಡು ನೆಲದ ಮೇಲೆ ಕೂತು ಚೀಲ ಬಿಚ್ಚಿದೆವು. ಮೂರಕ್ಕೆ ಬೂಷ್ಟು, ಒಂದು ಸೊರಗಿತ್ತು. ಐದನೆಯದು ಹಿಂದಿನ ದಿನ ಎಸೆದದ್ದು. ಮುಚ್ಚಳದಡಿ ಎಲೆ, ಕಾಂಡ, ಬೇರು ಎಲ್ಲ ಕಡುಗೆಂಪಾಗಿ ಜೀವಂತವಾಗಿತ್ತು. ರೂ-ಯುನ್ ಡಬ್ಬಿಯನ್ನು ಎದೆಗವಚಿಕೊಂಡು ಅತ್ತಳು, ಆಮೇಲೆ ನಕ್ಕಳು, ಆಮೇಲೆ ಆರಿಹೋದ ಗಂಜಿಯನ್ನೆಲ್ಲ ತಿಂದಳು.

ಮರುದಿನ ಮೀಟಿಂಗಿನಲ್ಲಿ ಶ್ಯೇ ಮೇಷ್ಟ್ರು ಡಬ್ಬಿಯನ್ನು ಕಿಟಕಿಗೆ ಹಿಡಿದು ನೋಡಿದರು.

“ಇಷ್ಟು ಚೆನ್ನಾಗಿ ಬಂದಿದೆ! ಎಲ್ಲಿತ್ತು ಇದು ಇಷ್ಟು ದಿನ?”

ನಾನು ತಪ್ಪೊಪ್ಪಿಕೊಳ್ಳಲು ಬಾಯಿ ತೆರೆದೆ. ಅಷ್ಟರಲ್ಲಿ ರೂ-ಯುನ್, “ಕೋ ಅಕ್ಕ ಹುಡುಕಿ ಕೊಟ್ರು ಸರ್,” ಎಂದಳು. ಮೇಷ್ಟ್ರು ನನ್ನತ್ತ ತಿರುಗಿ ತಲೆಬಾಗಿ ವಂದಿಸಿದರು. ನಾಚಿಕೆಯಿಂದ ನನ್ನ ಮುಖವೂ ಆ ಚಿಗುರಿನ ಬಣ್ಣಕ್ಕೇ ತಿರುಗಿರಬೇಕು.

ಮೀಟಿಂಗ್ ಮುಗಿದ ಮೇಲೆ ಅವಳು ಅಂಗಡಿಗೆ ಹೋಗಿಬಂದು, ನನ್ನ ಬಿಳಿ ಕೋಟಿನ ಎದೆಗೆ ಏನನ್ನೋ ಪಿನ್ನು ಹಾಕಿ ಸಿಕ್ಕಿಸಿದಳು. ನೋಡಿದರೆ ಹಸಿರು ಪೊಟ್ಟಣ!

“ಏನೇ ಇದು? ನಾನೇನು ಯಂತ್ರವಾ?”

“ಯಂತ್ರಗಳು ಯಾವತ್ತೂ ಕೈಕೊಟ್ಟಿಲ್ಲ ಅಕ್ಕ. ತಾರೀಖು ಮಾರ್ಚಿನವರೆಗಿದೆ. ಅಲ್ಲೀವರೆಗೂ ಜಾಣಮರಿಯಾಗಿರಿ.”

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನಾನು ಗದರಿಸಿ ಓಡಿಸಿದೆ. ಪೊಟ್ಟಣವನ್ನು ಮಾತ್ರ ಇವತ್ತಿಗೂ ತೆಗೆದಿಲ್ಲ, ಬಿಚ್ಚಿಯೂ ಇಲ್ಲ.