ಸಿರಾಜುದ್ದೀನರ ಧೂಪದ ಮರ

ಚಾಂದ್ ಬಿಗೆ ತವರು ಇರಲಿಲ್ಲ. ತಾಯಿ ಹೆರಿಗೆಯಲ್ಲೇ ಹೋಗಿದ್ದರು. ತಂದೆ ಸಿರಾಜುದ್ದೀನ್ ಅವಳ ಮದುವೆಯಾದ ಮರುವರ್ಷ ತೀರಿಕೊಂಡರು. ಒಡಹುಟ್ಟಿದವರು ಯಾರೂ ಇಲ್ಲ. ಹಬ್ಬಕ್ಕೆ ಕರೆಯಲು ಬರುವವರಿಲ್ಲ, ಗಂಡನ ಮೇಲೆ ಮುನಿಸಿಕೊಂಡರೆ ಹೋಗಿ ಕೂರಲು ಒಂದು ಜಗಲಿಯಿಲ್ಲ. ಉಳಿದದ್ದು ಒಂದು ಮರ.

ಸಿರಾಜುದ್ದೀನ್ ಕಾಡಿನಲ್ಲಿ ಧೂಪ ತೆಗೆಯುತ್ತಿದ್ದವರು. ಧೂಪವೆಂದರೆ ಮರದ ಅಂಟು. ತೊಗಟೆಗೆ ಗಾಯ ಮಾಡಿದರೆ ಒಸರಿ ಬಂದು ಹರಳಿನ ಹಾಗೆ ಗಟ್ಟಿಯಾಗುತ್ತದೆ. ಧೂಪದ ಮರಗಳಿದ್ದದ್ದು ಲಿಂಗದಹಳ್ಳಿ ದಾಟಿ ಘಟ್ಟದ ಮಗ್ಗುಲಿನ ದಟ್ಟ ಕಾಡಿನಲ್ಲಿ. ಕಾಡು ಸರ್ಕಾರದ್ದು. ಆದರೂ ಧೂಪದವರಲ್ಲಿ ಒಂದು ಕಟ್ಟುಪಾಡಿತ್ತು: ಒಬ್ಬ ಕತ್ತಿ ಹಾಕಿದ ಮರವನ್ನು ಇನ್ನೊಬ್ಬ ಮುಟ್ಟುವುದಿಲ್ಲ. ತರೀಕೆರೆಯ ಖಾಸಿಂ ಸಾಬನಿಗೆ ಮಗಳನ್ನು ಕೊಟ್ಟಾಗ ಸಿರಾಜುದ್ದೀನರ ಕೈಯಲ್ಲಿ ಕೊಡಲು ಬೇರೇನೂ ಇರಲಿಲ್ಲ. ಅಳಿಯನನ್ನು ಕಾಡಿಗೆ ಕರೆದೊಯ್ದು ತಮ್ಮ ದೊಡ್ಡ ಮರವನ್ನು ತೋರಿಸಿ ಬಂದರು. ಅದೇ ಬಳುವಳಿ.

ಆ ಮರವನ್ನು ಚಾಂದ್ ಬಿ ಒಮ್ಮೆಯೂ ಕಂಡಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಅದರ ವಾಸನೆ. ಗುರುವಾರ ಸಂಜೆ ಕೆಂಡದ ಮೇಲೆ ಒಂದು ಹರಳು ಹಾಕಿದರೆ, ಕಾಡಿನಿಂದ ಬಂದ ಅಪ್ಪನ ಅಂಗಿಯ ವಾಸನೆ ಮನೆ ತುಂಬುತ್ತಿತ್ತು. ಹೊಗೆ ಆರುವ ತನಕ ಅವಳು ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಪ್ರತಿ ಬೇಸಿಗೆಯೂ ಗಂಡನನ್ನು ಕೇಳುತ್ತಿದ್ದಳು, ಒಂದು ಸಲ ಆ ಮರ ತೋರಿಸಿ ಎಂದು.

“ಏರು ದಾರಿ ಕಣೇ, ನಿನ್ ಮಂಡಿ ತಡೆಯಲ್ಲ. ಮುಂದಿನ ವರ್ಷ ನೋಡನ,” ಎನ್ನುತ್ತಿದ್ದ ಖಾಸಿಂ ಸಾಬ್.

೧೯೭೯ರ ಬೇಸಿಗೆಯಲ್ಲಿ ಅವನು ತಂದ ಧೂಪ ಕೆಂಡಕ್ಕೆ ಬಿದ್ದಾಗ ಅಪ್ಪನ ವಾಸನೆ ಬರಲಿಲ್ಲ. ಸುಟ್ಟ ಸೌದೆಯ ವಾಸನೆ ಬಂತು. ಚಾಂದ್ ಬಿ ಮುಷ್ಟಿಯಷ್ಟು ಹರಳನ್ನು ಮೊರಕ್ಕೆ ಸುರಿದು ನೋಡಿದಳು. ಒಳಗೆಲ್ಲ ಇದ್ದಿಲಿನ ಪುಡಿ. ಕೇಳಿದ್ದಕ್ಕೆ ಗಂಡ ಮುಚ್ಚಿಡಲಿಲ್ಲ. ಮರದ ಬುಡಕ್ಕೆ ತರಗು ಒಟ್ಟಿ ಬೆಂಕಿ ಕೊಟ್ಟರೆ ಅಂಟು ಹೆಚ್ಚು ಇಳಿಯುತ್ತದೆ, ಎಲ್ಲರೂ ಹಾಗೇ ಮಾಡುತ್ತಾರೆ, ತಾನೂ ಎರಡು ಬೇಸಿಗೆಯಿಂದ ಮಾಡುತ್ತಿದ್ದೇನೆ, ಹೋದ ವರ್ಷ ಮನೆಗೆ ಹಳೆಯ ಧೂಪವೇ ಸಾಕಾಗಿತ್ತು ಎಂದ. ಚೀಲ ತುಂಬಿದ್ದಂತೂ ನಿಜ. ಪೇಟೆಯ ಅಂಗಡಿ ಬೆನಕಪ್ಪ ಅಷ್ಟನ್ನೂ ತೂಗಿ ಇಳಿಸಿಕೊಂಡಿದ್ದ.

ಆ ವಾರ ಕಾಡಿನ ವಾಚರ್ ಕಲ್ಲಪ್ಪ ಮನೆಗೆ ಬಂದ. ಪಕ್ಕದ ಬೀದಿಯವನು. ಟೀ ಕುಡಿಯಲು ಬಂದರೆ ಬೇಗ ಎದ್ದು ಹೋಗುವ ಆಸಾಮಿಯಲ್ಲ. ಚಾಂದ್ ಬಿ ಮೊರವನ್ನು ಅವನ ಮುಂದಿಟ್ಟಳು. ಕಲ್ಲಪ್ಪ ಮೂಸಿ ನೋಡಿ ಮೊರ ಕೆಳಗಿಟ್ಟ.

“ಏನ್ ಸಾಬ್ರೇ, ಮಾವ ಕೊಟ್ಟ ಮರಾನ ಸುಟ್ಕೊಂಡ್ ತಿಂತಿದ್ದೀರಾ?”

ಖಾಸಿಂ ಸಾಬ್ ನಕ್ಕ. ನಾಲ್ಕಾಳು ತಬ್ಬಿದರೂ ಸಾಲದ ಮರ, ನೆತ್ತಿಯ ತನಕ ಹಸಿರಾಗಿದೆ, ಒಂದು ಕೊಂಬೆಗೆ ಸಿಡಿಲು ಹೊಡೆದರೂ ಜಗ್ಗಿಲ್ಲ, ಒಂದು ಸಣ್ಣ ಬೆಂಕಿಗೆ ಸಾಯುತ್ತದೆಯೇ ಎಂದು ಕೇಳಿದ.

“ಸಿಡಿಲು ಹೊಡೆದದ್ದು ಒಂದ್ ಸಲ ಕಣ್ರೀ. ನೀವು ವರ್ಷ ವರ್ಷಾನೂ ಹೊಡೀತೀರಿ.”

ಮಳೆಕಾಡಿನ ಮರ ಒಂದೇ ಏಟಿಗೆ ಸಾಯುವುದು ಕಡಿಮೆ ಎಂದು ಕಲ್ಲಪ್ಪ ಬಿಡಿಸಿ ಹೇಳಿದ. ಎಲೆ ಮಾಡಿದ ಅಡುಗೆ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಲ್ಲಿ. ಬುಡದ ತೊಗಟೆ ಸುಟ್ಟರೆ ಬೇರಿಗೆ ಉಪವಾಸ. ಬೇರು ಕೂಡಿಟ್ಟದ್ದು ಮುಗಿಯುವ ತನಕ ಮೇಲೆ ಹಸಿರು ಕಾಣುತ್ತದೆ. ಮೈಮೇಲಿನ ಗಾಯ ನಮಗೆ ಮಾಯುತ್ತದೆ, ಮರಕ್ಕೆ ಮಾಯುವುದಿಲ್ಲ. ಅದು ಅಂಚಿನಿಂದ ಹೊಸ ತೊಗಟೆ ಬೆಳೆಸಿ ಗಾಯವನ್ನು ಮುಚ್ಚುತ್ತದೆ, ಅಷ್ಟೆ. ಗಾಯ ಚಿಕ್ಕದಿದ್ದರೆ ಎರಡು ಅಂಚೂ ಕೂಡಿಕೊಳ್ಳುತ್ತವೆ. ದೊಡ್ಡದಿದ್ದರೆ ಬಾಯಿ ತೆರೆದೇ ಇರುತ್ತದೆ. ಅಲ್ಲಿಂದ ಹುಳ ನುಗ್ಗುತ್ತದೆ, ನೀರು ಇಳಿಯುತ್ತದೆ, ಅಣಬೆ ಏಳುತ್ತದೆ, ತಿರುಳು ಟೊಳ್ಳಾಗುತ್ತದೆ. ಮಳೆ ಕೈಕೊಟ್ಟ ವರ್ಷ ಇನ್ನಷ್ಟು ಸೋಲುತ್ತದೆ. ಕೊನೆಗೆ ಒಂದು ಗಾಳಿ ಬರುತ್ತದೆ.

“ಆಮೇಲೆ ಎಲ್ರೂ ಗಾಳೀನ ಬಯ್ತಾರೆ,” ಎಂದ ಕಲ್ಲಪ್ಪ.

“ಹಂಗಾದ್ರೆ ಕಾಡಲ್ಲಿ ಮರಾನೇ ಸಾಯ್ಬಾರ್ದಾ?” ಖಾಸಿಂ ಸಾಬ್ ಕೆಣಕಿದ.

“ಸಾಯ್ಲಿ. ಸರದಿ ಬಂದಾಗ ಸಾಯ್ಲಿ. ಮುದಿಮರ ಬಿದ್ದ ಜಾಗದಲ್ಲಿ ಬೆಳಕು ಬಿದ್ದು ಸಸಿ ಏಳ್ತವೆ. ಸರದಿ ಇಲ್ದೇ ಇರೋದ್ನ ನೂಕೋಕೆ ನೀವ್ಯಾರು?”

ಅವತ್ತು ಖಾಸಿಂ ಸಾಬ್ ಒಪ್ಪಲಿಲ್ಲ. ಚಾಂದ್ ಬಿ ಎರಡು ದಿನ ಮಾತು ಬಿಟ್ಟಳು. ಆಮೇಲೆ ತಾನೇ ಮಾತಾಡಿದಳು. ಮುನಿದು ಹೋಗಲು ಜಾಗವಿರಲಿಲ್ಲ. ಮುಂದಿನ ಬೇಸಿಗೆಯೂ ಬೆಂಕಿ ಬಿತ್ತು. ಅದರ ಮುಂದಿನ ಬೇಸಿಗೆ ಮರ ಒಂದು ಹನಿ ಅಂಟನ್ನೂ ಬಿಡಲಿಲ್ಲ.

೧೯೮೧ರ ಶ್ರಾವಣದ ಗಾಳಿಗೆ ಘಟ್ಟದ ಮಗ್ಗುಲಲ್ಲಿ ದೊಡ್ಡ ಮರವೊಂದು ಉರುಳಿದೆ ಎಂದು ಕಲ್ಲಪ್ಪ ಸುದ್ದಿ ತಂದ. ಯಾವ ಮರ ಎಂದು ಅವನು ಹೇಳಲಿಲ್ಲ, ಇವರು ಕೇಳಲಿಲ್ಲ. ಚಾಂದ್ ಬಿ ಸೆರಗು ಹೊದ್ದು ನಿಂತಳು.

“ನಾನೂ ಬತ್ತೀನಿ. ಮಂಡಿ ವಿಷ್ಯ ಎತ್ಬೇಡಿ.”

ಲಿಂಗದಹಳ್ಳಿಯ ತನಕ ಬಸ್ಸು, ಅಲ್ಲಿಂದ ನಡಿಗೆ. ಕಾಲಿಗೆ ಜಿಗಣೆ ಹತ್ತಿದವು. ಮಂಡಿ ನೋಯಲಿಲ್ಲ. ದಾರಿಯುದ್ದಕ್ಕೂ ಕತ್ತಲೆಯಂತಿದ್ದ ಕಾಡು ಒಂದು ಕಡೆ ಇದ್ದಕ್ಕಿದ್ದಂತೆ ಬೆಳ್ಳಗಾಯಿತು. ಅಲ್ಲಿ ಮರ ಮಲಗಿತ್ತು. ಬುಡ ಒಲೆಯ ಬಾಯಿಯ ಹಾಗೆ ಕಪ್ಪಾಗಿ ತೆರೆದಿತ್ತು. ಚಾಂದ್ ಬಿ ಒಳಗೆ ಕೈಹಾಕಿದಳು. ಮೊಳಕೈ ತನಕ ಹೋಯಿತು. ಕೈಗೆ ಸಿಕ್ಕಿದ್ದು ನೆನೆದ ಹೊಟ್ಟಿನಂಥ ಕೆಂಪು ಪುಡಿ.

ಅವಳು ಕಾಂಡದ ಉದ್ದಕ್ಕೂ ನಡೆದಳು. ಬೆಂಕಿ ತಾಗದ ಕಡೆ, ಆಳೆತ್ತರದಲ್ಲಿದ್ದಿರಬಹುದಾದ ಜಾಗದಲ್ಲಿ, ಹೆಬ್ಬೆರಳುದ್ದದ ಕಲೆಗಳಿದ್ದವು. ಒಂದಕ್ಕೊಂದು ದೂರ ದೂರ. ಎಲ್ಲವೂ ಅಂಚು ಕೂಡಿ ಮುಚ್ಚಿಕೊಂಡಿದ್ದವು. ಅವು ಅಪ್ಪನ ಕತ್ತಿಯ ಗಾಯಗಳು. ಅವಳು ಒಂದೊಂದನ್ನೇ ಬೆರಳಿನಿಂದ ಸವರಿದಳು. ಮೂಗು ಹತ್ತಿರ ತಂದಳು. ಮಳೆಯ ವಾಸನೆ ಮಾತ್ರ ಇತ್ತು.

ಖಾಸಿಂ ಸಾಬ್ ದೂರವೇ ನಿಂತಿದ್ದ. “ಮುಂದಿನ ವರ್ಷ, ಮುಂದಿನ ವರ್ಷ ಅಂತಿದ್ರಲ್ಲ,” ಎಂದಳು ಅವಳು. ದನಿ ಏರಲಿಲ್ಲ.

ಅವನು ಬಹಳ ಹೊತ್ತು ಆ ಚಿಕ್ಕ ಕಲೆಗಳನ್ನೂ ತನ್ನ ಕಪ್ಪು ಗಾಯವನ್ನೂ ನೋಡಿದ. “ಮಾವ ಇಷ್ಟ್ ವರ್ಷ ತೆಗೆದ್ರೂ ಇದು ನಿಂತಿತ್ತು. ನಾನು ಬೆಂಕಿ ಇಡಬಾರ್ದಿತ್ತು,” ಎಂದ.

ಆಮೇಲೆ ಅವನು ಯಾವ ಮರಕ್ಕೂ ಬೆಂಕಿ ಇಡಲಿಲ್ಲ. ಹೆಬ್ಬೆರಳಿಗಿಂತ ದೊಡ್ಡ ಗಾಯ ಮಾಡಲಿಲ್ಲ. ಹಳೆಯದು ಮುಚ್ಚುವ ತನಕ ಹೊಸದನ್ನು ಹಾಕಲಿಲ್ಲ. ಚೀಲ ಅರ್ಧವೇ ತುಂಬುತ್ತದೆ. ಉಳಿದ ಧೂಪದವರು ನಗುತ್ತಾರೆ, ಅವರಲ್ಲಿ ಇಬ್ಬರು ಈಗ ಬೆಂಕಿ ಬಿಟ್ಟಿದ್ದಾರೆ. ಚಾಂದ್ ಬಿ ಗುರುವಾರ ಸಂಜೆ ಈಗಲೂ ಹರಳು ಹಾಕುತ್ತಾಳೆ. ಧೂಪ ಒಳ್ಳೆಯದೇ. ಬೇರೆ ಮರದ್ದು.

ಧೂಪ ತೆಗೆಯುವ ಅಣ್ಣಂದಿರೇ, ಬುಡಕ್ಕೆ ಬೆಂಕಿ ಕೊಡಬೇಡಿ. ಚಿಕ್ಕ ಗಾಯ ಮಾಡಿ, ಮರಕ್ಕೆ ಮುಚ್ಚಿಕೊಳ್ಳಲು ಸಮಯ ಕೊಡಿ. ಮಠಕ್ಕೆ, ದರ್ಗಾಕ್ಕೆ, ಮನೆಗೆ ಧೂಪ ಕೊಳ್ಳುವ ಅಕ್ಕಂದಿರೇ, ಹರಳನ್ನು ಅಂಗೈಯಲ್ಲಿಟ್ಟು ನೋಡಿ. ಇದ್ದಿಲಿನ ಪುಡಿ ಕಂಡರೆ ಅಂಗಡಿಗೇ ವಾಪಸು ಕೊಡಿ. ನೀವು ಕೊಳ್ಳದಿದ್ದರೆ ಅವರು ಸುಡುವುದಿಲ್ಲ.

ಕಾಡಿನ ಮರಗಳನ್ನು ಬಳ್ಳಿಗಳು ಒಂದಕ್ಕೊಂದು ಬಿಗಿದಿರುತ್ತವೆ, ಒಂದು ಬಿದ್ದರೆ ಪಕ್ಕದವನ್ನೂ ಎಳೆದುಕೊಳ್ಳುತ್ತದೆ. ಅವತ್ತು ಬಿದ್ದದ್ದು: ಧೂಪದ ಮರ ಒಂದು, ರಾಮಪತ್ರೆ ಎರಡು, ಹೆಬ್ಬಲಸು ಒಂದು. ಒಟ್ಟು ನಾಲ್ಕು ಮರ.