ಬಿಸ್ಟ್ರೋ ಯಾರ ಪಾಲಿಗೆ

ಫ್ರಿಜ್ಜು ಅವಳಿಗೆ, ವಾಷಿಂಗ್ ಮೆಷಿನ್ ಅವನಿಗೆ. ಸೋಫಾ ಇಬ್ಬರಿಗೂ ಬೇಡವಾಗಿ ಮಾರಾಟವಾಯಿತು. ಮದುವೆಗೆ ಅವನ ಅಕ್ಕ ಕೊಟ್ಟಿದ್ದ ತಟ್ಟೆಗಳ ಸೆಟ್ಟು ಅರ್ಧರ್ಧ ಹಂಚಿಹೋಯಿತು. ಅವನು ಲಿಫ್ಟ್ ರಿಪೇರಿಯವನು, ಯಂತ್ರ ಬಿಚ್ಚುವುದರಲ್ಲಿ ಪಳಗಿದ ಕೈ. ಅವನಿಗೂ ಸೋಜಿಗವಾಗುವಷ್ಟು ಸಲೀಸಾಗಿ ವಕೀಲರು ಅವರ ಸಂಸಾರವನ್ನು ಬಿಚ್ಚಿಟ್ಟರು. ಯಾರ ಕಾಗದಕ್ಕೂ ಸಿಗದೆ ಉಳಿದದ್ದು ಬೀದಿಯ ಮೂಲೆಯ ಪುಟ್ಟ ಫ್ರೆಂಚ್ ಹೋಟೆಲು, ಆ ಬಿಸ್ಟ್ರೋ ಒಂದೇ.

ಅದರ ಬೋರ್ಡಿನ ಮೇಲಿದ್ದ ಹೆಸರಿಗೆ ಬೀದಿಯವರ ನಾಲಿಗೆ ಹೊರಳುತ್ತಿರಲಿಲ್ಲ. ಒಳಗೆ ಒತ್ತೊತ್ತಾಗಿ ಹಾಕಿದ ಪುಟ್ಟ ಮೇಜುಗಳು, ಗೋಡೆಯ ಕೊಕ್ಕೆಗಳಲ್ಲಿ ಗಿರಾಕಿಗಳ ಕೋಟುಗಳು, ದಿನದ ಅಡುಗೆ ಬರೆದ ಕಪ್ಪು ಹಲಗೆ, ಬೆಣ್ಣೆಯಲ್ಲಿ ಈರುಳ್ಳಿ ಬಾಡುವ ಘಮ. ನಡೆಸುವಾಕೆಯನ್ನು ಎಲ್ಲರೂ ಚಿಕ್ಕಮ್ಮ ಎನ್ನುತ್ತಿದ್ದರು. ಬೇಯಿಸುವವಳೂ ಅವಳೇ, ಬಡಿಸುವವಳೂ ಅವಳೇ, ತಟ್ಟೆಯಲ್ಲಿ ಬಿಟ್ಟರೆ ಬೈಯುವವಳೂ ಅವಳೇ.

ಬೇರೆಯಾದ ಮೇಲೆ ಇಬ್ಬರೂ ಈ ಬಿಸ್ಟ್ರೋಗೆ ಹತ್ತಿರವಾಗಲಿ ಎಂದೇ ಬಾಡಿಗೆ ಮನೆ ಹಿಡಿದಿದ್ದರು. ಇನ್ನೊಬ್ಬರು ದೂರ ಹೋಗುತ್ತಾರೆ ಎಂದು ಇಬ್ಬರೂ ಹಾಕಿದ್ದ ಲೆಕ್ಕಾಚಾರ ತಲೆಕೆಳಗಾಯಿತು. ಊಟಕ್ಕೆ ಹೋದಾಗ ಗಾಜಿನ ಆಚೆ ಅವಳು ಕಂಡರೆ ಅವನು ಬಂದ ದಾರಿ ಹಿಡಿಯುತ್ತಿದ್ದ. ಒಬ್ಬನೇ ಕೂತ ದಿನ ಚಿಕ್ಕಮ್ಮ ವಿಚಾರಿಸಿದರೆ, "ಅವಳಿಗೆ ಓವರ್‌ಟೈಮು" ಎನ್ನುತ್ತಿದ್ದ. ಅವಳೂ ಅದನ್ನೇ ಹೇಳುತ್ತಿದ್ದಳಂತೆ. ಪಾಪ, ಮೈಮುರಿದು ದುಡಿಯುವ ಜೋಡಿ ಎಂದು ಚಿಕ್ಕಮ್ಮ ಇಬ್ಬರಿಗೂ ಒಂದೊಂದು ಸೌಟು ಹೆಚ್ಚಿಗೆ ಬಡಿಸುತ್ತಿದ್ದಳು.

ಹೀಗೆ ಕದ್ದುಮುಚ್ಚಿ ಉಣ್ಣುವುದು ಸಾಕಾಗಿ, ಒಂದು ಶನಿವಾರ ಮಧ್ಯಾಹ್ನ, ಇನ್ನು ಇಲ್ಲಿ ಯಾರು ಉಣ್ಣುವುದೆಂದು ಇತ್ಯರ್ಥ ಮಾಡಿಕೊಳ್ಳಲು ಇಬ್ಬರೂ ಅಲ್ಲಿಗೇ ಬಂದರು. ಅವನಿಗೆ ಈ ಜಾಗ ಬೇಕೇಬೇಕಿತ್ತು. ಅಡುಗೆ ಬಾರದು ಎಂಬುದು ನೆಪ. ಅವನು ಕೆಲಸ ಮಾಡುವ ಕಟ್ಟಡಗಳಲ್ಲಿ ಜನ ಅವನನ್ನು ನೆನೆಯುವುದು ಲಿಫ್ಟು ಕೆಟ್ಟಾಗ ಮಾತ್ರ. ಬಂದೆಯಾ ಎಂದು ಕೇಳುವವರು ಇದ್ದದ್ದು ಇಲ್ಲೊಂದೇ ಕಡೆ. ಇದಕ್ಕಾಗಿ ವಾಷಿಂಗ್ ಮೆಷಿನ್ ಬಿಟ್ಟುಕೊಡಲೂ ಅವನು ತಯಾರಾಗಿದ್ದ.

ಇಬ್ಬರನ್ನೂ ಒಟ್ಟಿಗೆ ಕಂಡ ಚಿಕ್ಕಮ್ಮ ಹಿಗ್ಗಿ ಕಿಟಕಿ ಪಕ್ಕದ ಮೇಜು ಕೊಟ್ಟಳು. ಈರುಳ್ಳಿ ಸೂಪು ಬಂತು. ಅವನ ಹೆಂಡತಿಯಾಗಿದ್ದವಳು ಹಲ್ಲಿನ ಸೆಟ್ಟು ತಯಾರಿಸುವ ಕೆಲಸದವಳು. ಅವನು ಬ್ರೆಡ್ಡಿನ ಗಟ್ಟಿ ಅಂಚು ಕಚ್ಚಿದಾಗೆಲ್ಲ "ಮೆಲ್ಲಗೆ ರೀ, ಎಡಗಡೆ ದವಡೆ" ಎನ್ನುತ್ತಿದ್ದಳು. ಇವತ್ತು ಕಚ್ಚಿದ್ದನ್ನು ಸುಮ್ಮನೆ ನೋಡಿದಳು. ವಕೀಲರು ಬಂದಲ್ಲಿಂದ 'ರೀ' ಬಿದ್ದುಹೋಗಿ ಬರೀ 'ನೀವು' ಉಳಿದಿತ್ತು.

"ನಾನೊಂದು ಮಾತು ಹೇಳ್ಲಾ?" ಎಂದು ಅವನು ಗಂಟಲು ಸರಿಮಾಡಿಕೊಂಡ.

"ನಾನೇ ಹೇಳ್ತೀನಿ. ಈ ಜಾಗ ನೀವೇ ಇಟ್ಕೊಳ್ಳಿ. ಇನ್ಮೇಲೆ ನಾನು ಬರಲ್ಲ."

ಅವನು ಚಮಚ ಕೆಳಗಿಟ್ಟ. ಯಾವುದನ್ನೂ ಅಷ್ಟು ಸುಲಭಕ್ಕೆ ಬಿಟ್ಟುಕೊಡುವ ಜಾಯಮಾನ ಅವಳದಲ್ಲ. ಫ್ರಿಜ್ಜಿಗಾಗಿ ಎಷ್ಟು ಎಳೆದಾಡಿದ್ದಳು ಎಂದು ಅವನಿಗೇ ಗೊತ್ತು.

"ಬದ್ಲಿಗೆ ವಾಷಿಂಗ್ ಮೆಷಿನ್ ಬೇಕಾ?"

"ಅದನ್ನ ಕಟ್ಕೊಂಡು ಏನ್ ಮಾಡ್ಲಿ? ಸೋರುತ್ತೆ ಅಂತ ತಾನೇ ನಿಮಗೆ ಬಿಟ್ಟಿದ್ದು. ನಂಗೆ ಬೇಕಿರೋದು ಒಂದೇ. ಚಿಕ್ಕಮ್ಮಂಗೆ ವಿಷಯ ನೀವು ಹೇಳ್ಬೇಕು."

"ಅಷ್ಟೇನಾ?"

"ಅಷ್ಟೇ. ನಮ್ಮಮ್ಮಂಗೆ ನಾನು ಹೇಳ್ದೆ. ನಿಮ್ಮಕ್ಕಂಗೂ ನಾನೇ ಹೇಳ್ದೆ, ಅವರು ಅತ್ತಾಗ ಫೋನ್ ಹಿಡ್ಕೊಂಡು ಕೂತಿದ್ದೂ ನಾನೇ. ಹಳೇ ಮನೆ ಓನರ್‌ಗೆ, ಪಕ್ಕದ ಮನೆಯವರಿಗೆ, ನಿಮ್ಮ ಸ್ನೇಹಿತರಿಗೆ, ಎಲ್ರಿಗೂ ನಾನೇ. ನೀವು ಇವತ್ತಿನವರೆಗೂ ಒಬ್ಬರಿಗಾದ್ರೂ ಬಾಯ್ಬಿಟ್ಟು ಹೇಳಿದೀರಾ?"

ಅವನು ಯೋಚಿಸಿ ನೋಡಿದ. ಹೇಳಿರಲಿಲ್ಲ. ಎಲ್ಲರಿಗೂ ಹೇಗೋ ತಿಳಿದಿತ್ತು, ಯಾರೂ ಅವನನ್ನು ಕೇಳಿರಲಿಲ್ಲ. ಅದು ಅವರ ದೊಡ್ಡತನ ಎಂದುಕೊಂಡಿದ್ದ.

"ಹೇಳ್ತೀನಿ ಬಿಡು. ಅದೇನ್ ಮಹಾ," ಅಂದ.

ಹುರಿದ ಕೋಳಿ ಬಂತು. ಬಹಳ ದಿನದ ಮೇಲೆ ಅವನಿಗೆ ಚೆನ್ನಾಗಿ ಹಸಿವಾಗಿತ್ತು, ಗೆದ್ದವನ ಹಸಿವು. ಅವಳು ಮೂಳೆಯಷ್ಟೇ ಬಿಟ್ಟು ಚೊಕ್ಕವಾಗಿ ಉಂಡಳು, ತನ್ನ ಪಾಲಿನ ಹಣ ಮೇಜಿನ ಮೇಲಿಟ್ಟು ಕೋಟು ತೊಟ್ಟಳು. ಅಡುಗೆಮನೆಯ ಬಾಗಿಲಿನತ್ತ ನೋಡುವಾಗ ಅವಳ ಕಣ್ಣು ತುಂಬಿತು. ಚಿಕ್ಕಮ್ಮನೆಂದರೆ ಅವಳಿಗೆ ಪ್ರಾಣ. ಒಂದು ಮಾತು ಹೇಳಲು ನಿಂತರೆ ಹೊರಡಲಾಗುವುದಿಲ್ಲವೆಂದು ಹೇಳದೆಯೇ ಹೊರಟುಹೋದಳು.

ಚಿಕ್ಕಮ್ಮ ಎರಡು ಬಟ್ಟಲು ಕಸ್ಟರ್ಡ್ ಹಿಡಿದು ಬಂದು ಖಾಲಿ ಕುರ್ಚಿ ನೋಡಿದಳು.

"ಎಲ್ಲಿ ಹೋದ್ಲು ಅವ್ಳು? ಮೇಲೆ ಸುಟ್ಟ ಸಕ್ರೆ ಇನ್ನೂ ಬಿಸಿಬಿಸಿ ಇದೆ, ಆರಿದ್ರೆ ಏನ್ ಚೆಂದ?"

ಓವರ್‌ಟೈಮು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡ. ಹೇಳಬೇಕಾದದ್ದು ಒಂದೇ ವಾಕ್ಯ, ಆದರೆ ಅದು ಎಲ್ಲಿಂದ ಶುರುವಾಗುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಅವಳು ಅಷ್ಟು ಜನಕ್ಕೆ ಅಷ್ಟು ಸಲ ಇದನ್ನು ಹೇಗೆ ಹೇಳಿದಳೋ. ಅವಳ ಬಗ್ಗೆ ಅಯ್ಯೋ ಎನಿಸಿತು, ಮೊದಲ ಬಾರಿಗೆ.

"ಚಿಕ್ಕಮ್ಮ, ನಾವು ಬೇರೆ ಆಗಿದೀವಿ," ಅಂದ. "ಅವಳು ಇನ್ನು ಬರಲ್ಲ."

ಚಿಕ್ಕಮ್ಮ ಬಟ್ಟಲುಗಳನ್ನು ಮೇಜಿನ ಮೇಲಿಟ್ಟು, ಆ ಖಾಲಿ ಕುರ್ಚಿಯಲ್ಲಿ ನಿಧಾನಕ್ಕೆ ಕೂತಳು. ಗಿರಾಕಿಗಳಿದ್ದಾಗ ಅವಳು ಕೂತದ್ದನ್ನು ಅವನು ನೋಡಿರಲಿಲ್ಲ.

"ಯಾವಾಗಿಂದ ಮಗಾ?"

ಕೋರ್ಟಿನ ತಾರೀಖು ಅವನಿಗೆ ನೆನಪಿತ್ತು. ಆವತ್ತು ಸಹಿ ಹಾಕಿ ನೇರ ಕೆಲಸಕ್ಕೆ ಹೋಗಿದ್ದ, ಆಸ್ಪತ್ರೆಯೊಂದರ ಲಿಫ್ಟು ಸರಿಮಾಡಿದ್ದ, ಸಂಜೆ ಉಂಡು ಮಲಗಿದ್ದ. ನಿದ್ದೆಯೂ ಬಂದಿತ್ತು. ಆ ತಾರೀಖು ಹೇಳಲು ಬಾಯಿ ತೆರೆದವನು ಅವಳ ಪಾಲಿನ ಬಟ್ಟಲನ್ನು ನೋಡಿದ.

"ಈಗ್ತಾನೇ, ಚಿಕ್ಕಮ್ಮ," ಅಂದ.