ಒದ್ದೆ ನಾಯಿ

ಕೆಮ್ಮಣ್ಣು ಕಲಸಿ ಅಲ್ಯೂಮಿನಿಯಂ ಪಾತ್ರೆ ತಿಕ್ಕುವಾಗ ಒಂದು ವಾಸನೆ ಏಳುತ್ತದೆ, ಹಸಿಮಣ್ಣೂ ಲೋಹವೂ ಬೆರೆತದ್ದು. ನಾನು ಚಿಕ್ಕವಳಿದ್ದಾಗ ವಿಟ್ಲದಲ್ಲಿ ನಾವಿದ್ದ ಬಾಡಿಗೆ ಮನೆಗೆ ಅಂಟಿಕೊಂಡೇ ಗೆಳತಿ ಮೈಮೂನಾಳ ಮನೆ. ನಮ್ಮ ನಾಯಿ ಒಮ್ಮೆ ಅವರ ಗಂಜಿ ಪಾತ್ರೆಗೆ ಬಾಯಿ ಹಾಕಿಬಿಟ್ಟಿತು. ಅವಳ ಉಮ್ಮ, ಅಂದರೆ ತಾಯಿ, ನನ್ನನ್ನು ಬಯ್ಯಲಿಲ್ಲ, ನಾಯಿಗೂ ಹೊಡೆಯಲಿಲ್ಲ. ಬಾವಿಕಟ್ಟೆಯ ಬಳಿ ಕೂತು ಪಾತ್ರೆಯನ್ನು ಏಳು ಸಲ ತೊಳೆದರು, ಅದರಲ್ಲಿ ಒಂದು ಸಲ ಮಣ್ಣು ಹಾಕಿ. ನಾಯಿಯ ಜೊಲ್ಲು ತಾಗಿದರೆ ಅವರಲ್ಲಿ ಹಾಗೆ. ನಾನು ನೀರು ಸೇದಿ ಕೊಟ್ಟಿದ್ದೆ.

ಮೊನ್ನೆ ಜುಲೈ ತಿಂಗಳ ಶುಕ್ರವಾರ, ಇಲ್ಲಿ ಕೊಲ್ಲಿ ದೇಶದಲ್ಲಿ, ಜುಮೇರಾ ಲೇಕ್ ಟವರ್ಸ್‌ನ ಒಂದು ಕಟ್ಟಡದ ಬಾಗಿಲಲ್ಲಿ ನಿಂತಾಗ ಅದು ನೆನಪಾಯಿತು.

ನನ್ನ ಮೊಮ್ಮಗಳು ಗಾನವಿಗೆ ಕಣ್ಣು ಕಾಣುವುದಿಲ್ಲ. ಅವಳ ಆಫೀಸು ಆ ಕಟ್ಟಡದಲ್ಲಿದೆ. ಶುಕ್ರವಾರ ಅರ್ಧ ದಿನವಾದ್ದರಿಂದ ಊಟಕ್ಕೆ ಕರೆದೊಯ್ಯಲು ನಾನು ಹೋಗಿದ್ದೆ. ಜೊತೆಗೆ ಜೂನೋ, ಅವಳಿಗೆ ದಾರಿ ತೋರಿಸುವ ಲ್ಯಾಬ್ರಡಾರ್. ಕರೆಸಿದ ಮೊದಲ ಕಾರಿನವನು ನಾಯಿಯನ್ನು ಕಂಡು ಕೈಯಾಡಿಸಿ ಹೊರಟುಹೋದ. ಎರಡನೆಯವನು ನಿಲ್ಲಿಸಲೇ ಇಲ್ಲ. ಈಗ ಬಂದಾನು, ಈಗ ಬಂದಾನು ಎಂದು ನಾವು ಬಿಸಿಲಲ್ಲೇ ನಿಂತೆವು. ಜೂನೋ ಕಾಲುಗಳನ್ನು ಒಂದೊಂದಾಗಿ ಎತ್ತಿ ಇಡುತ್ತಿತ್ತು. ಆಮೇಲೆ ಮಲಗಿಬಿಟ್ಟಿತು. ಏಳಿಸಿದರೆ ಹಿಂಗಾಲು ನಿಲ್ಲಲಿಲ್ಲ.

ಗಾನವಿ ಫೋನ್ ಮಾಡಿದಾಗ ಪಶುವೈದ್ಯೆ ಹೇಳಿದ್ದಿಷ್ಟು: ಬಿಸಿಲು ಬಡಿದಿದೆ, ಈಗಲೇ ಕರೆತನ್ನಿ, ದಾರಿಯುದ್ದಕ್ಕೂ ಮೈ ಒದ್ದೆಯಾಗಿಯೇ ಇಡಿ, ತಡವಾದರೆ ಉಳಿಯುವುದಿಲ್ಲ. ನನ್ನ ಮಗ ನಿಶಾಂತ್ ಅಬುಧಾಬಿಯಲ್ಲಿದ್ದ. ಅವನು ಬರುವವರೆಗೆ ಕಾಯುವಂತಿರಲಿಲ್ಲ. ಶುಕ್ರವಾರದ ಜುಮಾ ನಮಾಜಿನ ಹೊತ್ತು ಬೇರೆ, ಫೋನಿನಲ್ಲಿ ಒಂದು ಕಾರೂ ಸಿಗುತ್ತಿಲ್ಲ. ಕಟ್ಟಡದ ನೇಪಾಳಿ ಕಾವಲುಗಾರ ಬಕೆಟ್ಟಿನಲ್ಲಿ ನೀರು ತಂದು ಜೂನೋನ ಮೇಲೆ ಸುರಿದ. ಅದು ಸಾಲದೆಂದು ತಾನು ಕುಡಿಯಲು ಇಟ್ಟುಕೊಂಡಿದ್ದ ತಣ್ಣನೆಯ ಬಾಟಲಿಯನ್ನೂ ಅದರ ಹೊಟ್ಟೆಗೆ ಬಗ್ಗಿಸಿದ.

ಅಷ್ಟರಲ್ಲಿ ಒಂದು ಟ್ಯಾಕ್ಸಿ ಯಾರನ್ನೋ ಇಳಿಸಲು ಬಂತು. ಗಾನವಿ ಅದರ ಸದ್ದು ಹಿಡಿದು ಓಡಿದಳು.

"ಭಯ್ಯಾ, ಅಲ್ ಬರ್ಶಾ, ಜಾನ್ವರ್ ಕಾ ಹಾಸ್ಪಿಟಲ್. ಜಲ್ದೀ."

ಚಾಲಕ ಗಾಜು ಇಳಿಸಿ ಜೂನೋನತ್ತ ನೋಡಿದ. "ಮಾಫಿ ಮ್ಯಾಡಮ್. ನಮಾಜ್ ಕಾ ಟೈಮ್ ಹೈ."

"ಅಜ್ಜಿ, ಇವ್ನೂ ಹೋಗ್ತಾನೆ," ಎಂದು ಗಾನವಿ ಫೋನ್ ಎತ್ತಿ ಹಿಡಿದಳು. "ನಂಬರ್ ಪ್ಲೇಟ್ ವಿಡಿಯೋ ತೆಗೀತೀನಿ. ಕಂಪ್ಲೇಂಟ್ ಹೋಗ್ಲಿ."

ಫೋನು ಗೋಡೆಯ ಕಡೆ ತಿರುಗಿತ್ತು. ಚಾಲಕ ಕನ್ನಡದಲ್ಲಿ ಹೇಳಿದ, "ಸ್ವಲ್ಪ ಎಡಕ್ಕೆ ಹಿಡೀರಿ ಅಕ್ಕ. ನಂಬರ್ ಇಲ್ಲುಂಟು."

ಗಾನವಿ ಫೋನು ಕೆಳಗಿಳಿಸಿದಳು. "ಕನ್ನಡ ಬರುತ್ತಾ? ಹಾಗಿದ್ರೆ ರೂಲ್ಸೂ ಕನ್ನಡದಲ್ಲೇ ಕೇಳಿ. ಗೈಡ್ ಡಾಗ್ ಇದ್ರೆ ಹತ್ತಿಸ್ಕೊಳ್ಳಲೇಬೇಕು."

"ರೂಲ್ಸ್ ನಂಗೂ ಗೊತ್ತುಂಟು, ಟ್ರೈನಿಂಗಲ್ಲಿ ಹೇಳಿದ್ದಾರೆ. ಹೋದ ತಿಂಗಳು ಒಬ್ಬ ಇಂಗ್ಲಿಷ್ ಮುದುಕನ ನಾಯಿಯನ್ನು ಕರ್ಕೊಂಡು ಹೋಗಿದ್ದೇನೆ. ಒಣಗಿದ್ದರೆ ತೊಂದರೆ ಇಲ್ಲ. ಇದು ಪೂರಾ ಚಂಡಿ, ಒದ್ದೆ ನಾಯಿ ತಾಗಿದರೆ ನಮಗೆ ಅಶುದ್ಧ. ಒಮ್ಮೆ ಒರೆಸಿ ಕೊಡಿ, ಹೋಗುವ."

"ಒರೆಸಿದ್ರೆ ಸಾಯ್ತಾಳೆ," ಎಂದಳು ಗಾನವಿ.

ಗಾಜಿನ ಬದಿಯ ಕಾರ್ಡಿನಲ್ಲಿ ಅವನ ಹೆಸರಿತ್ತು. ನಾನು ಬಗ್ಗಿ ಕೇಳಿದೆ, "ಜಂಶೀರ್, ಏಳು ಸಲ ತೊಳೀಬೇಕು, ಒಂದು ಸಲ ಮಣ್ಣು ಹಾಕಿ. ಅಲ್ವಾ?"

ಅವನು ಮೊದಲ ಸಲ ನನ್ನ ಮುಖ ನೋಡಿದ. "ನಿಮಗೆ ಹೇಗೆ ಗೊತ್ತು?"

"ವಿಟ್ಲದಲ್ಲಿ ಬೆಳೆದವಳು ನಾನು. ತೊಳೆಯುವಾಗ ನೀರು ಹಾಕಲಿಕ್ಕೆ ನಾನೂ ಬರ್ತೇನೆ."

"ಕಾರು ತೊಳೆಯಬಹುದಮ್ಮ. ಜುಮಾ ಹೋದರೆ ಎಂತ ಮಾಡುದು? ಅದು ಮಸೀದಿಯಲ್ಲಿ ಎಲ್ಲರೊಟ್ಟಿಗೆ ಮಾಡುವಂಥದ್ದು, ಒಬ್ಬನೇ ಮಾಡ್ಲಿಕ್ಕೆ ಆಗುದಿಲ್ಲ. ಬೇಸಿಗೆಯಲ್ಲಿ ಪ್ರವಚನವೂ ಗಿಡ್ಡ. ಒಳಗೆ ಹೋಗಿ ಕೂರುವಷ್ಟರಲ್ಲಿ ಮುಗೀತದೆ."

ದೂರದ ಮಸೀದಿಯಿಂದ ಬಾಂಗು, ನಮಾಜಿನ ಕರೆ, ಕೇಳಿಸಿತು. ಅವನು ಆ ಕಡೆ ತಿರುಗಿದ, ಮತ್ತೆ ಈ ಕಡೆ. ಕಾರಿನಿಂದಿಳಿದು ಜೂನೋನಿಂದ ಎರಡು ಮಾರು ದೂರದಲ್ಲಿ ಕುಕ್ಕರುಗಾಲಿನಲ್ಲಿ ಕೂತ. ನಾಲಗೆಯ ಬಣ್ಣ ಕಪ್ಪಾಗುತ್ತಿದ್ದುದು ಅವನಿಗೂ ಕಂಡಿರಬೇಕು.

"ನಿಮ್ಮೊಟ್ಟಿಗೆ ಎಷ್ಟು ಸಮಯದಿಂದ ಉಂಟು?"

"ನಾಲ್ಕು ವರ್ಷ," ಎಂದಳು ಗಾನವಿ. "ನಾನು ಒಬ್ಬಳೇ ರಸ್ತೆ ದಾಟಿದ್ದು ಇವಳು ಬಂದ ಮೇಲೆ."

ಅವನು ಎದ್ದ. ಹಿಂದಿನ ಸೀಟಿನಲ್ಲಿದ್ದ ನಮಾಜಿನ ಚಾಪೆ ತೆಗೆದು ಮುಂದಿಟ್ಟು ಬಾಗಿಲು ತೆರೆದ. ಗಾನವಿ ಜೂನೋನನ್ನು ಎತ್ತಲು ನೋಡಿದಳು. ಒದ್ದೆ ಮೈ ಕೈಯಿಂದ ಜಾರಿತು. ಮತ್ತೆ ಎತ್ತಿದಳು, ಮತ್ತೆ ಜಾರಿತು. ಕಾವಲುಗಾರ ಇನ್ನಷ್ಟು ನೀರು ತರಲು ಒಳಗೆ ಹೋಗಿದ್ದ. ನನ್ನ ಮುದಿ ಸೊಂಟ ಬಗ್ಗಿದ್ದೇ ಹೆಚ್ಚು.

ಬಾಗಿಲು ತೆರೆದಲ್ಲಿಗೆ ಕಾನೂನು ಅವನಿಂದ ಕೇಳುವುದು ಮುಗಿದಿತ್ತು, ನಾಯಿಯನ್ನು ಎತ್ತಬೇಕೆಂದು ಅದು ಹೇಳುವುದಿಲ್ಲ. ಅವನು ಇಸ್ತ್ರಿ ಮುರಿಯದ ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿದ.

"ತಲೆ ನೀವು ಹಿಡೀರಿ ಅಕ್ಕ. ಹಿಂದಿನದ್ದು ನಾನು."

ಎತ್ತಿದರು. ಜೂನೋನ ತಲೆ ಅವನತ್ತ ವಾಲಿ ನೀರೂ ಜೊಲ್ಲೂ ಅವನ ಎದೆಯ ಮೇಲೆ ಇಳಿದವು. ಅವನು ಮುಖ ಪಕ್ಕಕ್ಕೆ ತಿರುಗಿಸಿದ, ಕೈ ಮಾತ್ರ ಬಿಡಲಿಲ್ಲ.

ದಾರಿಯಲ್ಲಿ ಎ.ಸಿ.ಯನ್ನು ಪೂರ್ತಿ ತಿರುಗಿಸಿ, ತನ್ನ ನೀರಿನ ಬಾಟಲಿಯನ್ನು ಹಿಂದಕ್ಕೆ ದಾಟಿಸಿದ. ಗಾನವಿ ಜೂನೋನ ಪಕ್ಕೆಯ ಮೇಲೆ ಅಂಗೈ ಇಟ್ಟು ಕೂತಿದ್ದಳು. "ಉಸಿರಿದೆ," ಎನ್ನುವಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಇದೆ." ಒಮ್ಮೆ ಏನೂ ಹೇಳಲಿಲ್ಲ. ಜಂಶೀರ್ ಕನ್ನಡಿಯಲ್ಲಿ ನೋಡಿದ. ನಾನು ತಿರುಗಿ ನೋಡುವ ಧೈರ್ಯ ಮಾಡಲಿಲ್ಲ.

"ಇದೆ," ಎಂದಳು.

ಕೊನೆಯ ಸಿಗ್ನಲ್ಲಿನಲ್ಲಿ ಕೆಂಪು ಬಿತ್ತು. ಪಕ್ಕದ ಮಸೀದಿಯಿಂದ ಜುಮಾ ಮುಗಿಸಿ ಜನ ಹೊರಬರುತ್ತಿದ್ದರು, ಚಪ್ಪಲಿ ಹುಡುಕುತ್ತ, ಬಿಸಿಲಿಗೆ ಕಣ್ಣು ಕಿರಿದು ಮಾಡುತ್ತ. ಜಂಶೀರ್ ಅವರತ್ತ ನೋಡಲಿಲ್ಲ. "ಖಲಾಸ್," ಎಂದು ತನಗೇ ಹೇಳಿಕೊಂಡು ಗೇರು ಹಾಕಿದ.

ಆಸ್ಪತ್ರೆಯವರು ಜೂನೋನನ್ನು ಒಳಗೆ ಒಯ್ದು ಬಾಗಿಲು ಮುಚ್ಚಿದರು. ಗಾನವಿ ಜೂನೋನ ಖಾಲಿ ಹಿಡಿಪಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಎಷ್ಟು ಹೊತ್ತಾಯಿತೋ. ವೈದ್ಯೆ ಹೊರಬಂದು, ಮೈ ಬಿಸಿ ಇಳಿಯುತ್ತಿದೆ, ಬದುಕುತ್ತಾಳೆ, ರಾತ್ರಿ ಇಲ್ಲೇ ಇರಲಿ ಎಂದರು. ಗಾನವಿ ತಲೆಯಾಡಿಸಿದಳು. ಅಳಲಿಲ್ಲ.

"ಅಜ್ಜಿ, ಅವರು ಹೋದ್ರಾ?"

ನಾನು ಗಾಜಿನಾಚೆ ನೋಡಿದೆ. ಜಂಶೀರ್ ಗಿಡಗಳಿಗೆ ನೀರು ಬಿಡುವ ನಲ್ಲಿಯ ಬಳಿ ಕೈಯನ್ನೂ ಅಂಗಿಯನ್ನೂ ಗಿಡದ ಬುಡದ ಮಣ್ಣು ಹಾಕಿ ತೊಳೆದು, ಹಿಂಡಿ ಅದನ್ನೇ ತೊಟ್ಟಿದ್ದ. ಗೋಡೆಯ ಅಷ್ಟಗಲ ನೆರಳಿನಲ್ಲಿ ಚಾಪೆ ಹಾಸಿ ನಮಾಜಿಗೆ ನಿಂತಿದ್ದ. ಅದನ್ನು ಅವಳಿಗೆ ಹೇಳಿದೆ.

"ಒಬ್ರೇನಾ?"

"ಒಬ್ಬನೇ."

ಹಿಡಿಪಟ್ಟಿಯನ್ನು ಪಕ್ಕಕ್ಕಿಟ್ಟು, "ಅವರ ಊರ ಕಡೆ ಏನು ಊಟ ಮಾಡ್ತಾರೆ?" ಎಂದು ಕೇಳಿದಳು.

"ಕುಚ್ಚಲಕ್ಕಿ ಅನ್ನ, ಮೀನು."

ಪಕ್ಕದಲ್ಲಿ ಮಲಯಾಳಿಗಳ ಸಣ್ಣ ಹೋಟೆಲಿತ್ತು. ಹೊರಡುವ ಮೊದಲು ಗಾನವಿ ಬಚ್ಚಲಿಗೆ ಹೋದಳು. ನೀರು ಬಹಳ ಹೊತ್ತು ಬೀಳುತ್ತಿತ್ತು. ನಾಯಿಯ ಕೂದಲು ಹತ್ತಿದ್ದ ಮೇಲಂಗಿಯನ್ನು ಬಿಚ್ಚಿ ಕುರ್ಚಿಯ ಮೇಲೆ ಬಿಟ್ಟಳು. ಹೋಟೆಲಿನಲ್ಲಿ ನಾನು ಪೊಟ್ಟಣಕ್ಕೆ ಕೈ ಚಾಚಿದರೆ ಕೊಡಲಿಲ್ಲ. ನನ್ನ ತೋಳು ಹಿಡಿದುಕೊಂಡು ತಾನೇ ತಂದಳು.

ಜಂಶೀರ್ ಚಾಪೆ ಮಡಚುತ್ತಿದ್ದ. ಗಾನವಿ ತುಸು ದೂರದಲ್ಲೇ ನಿಂತು ಪೊಟ್ಟಣ ನೀಡಿದಳು.

"ಕೈ ತೊಳೆದಿದ್ದೀನಿ," ಎಂದಳು, ಮೆಲ್ಲಗೆ.

ಅವನು ಎರಡು ಹೆಜ್ಜೆ ಮುಂದೆ ಬಂದು ಎರಡೂ ಕೈಯಲ್ಲಿ ತೆಗೆದುಕೊಂಡ.